ಅವರೆಕಾಳು ಹಿತುಕಿದವರು ಯಾರು?

ಕಣ್ಣಿಗೆ ಕಾಣದವರ ಕಥೆ ಯಾರಾದರೂ ಶುರು ಮಾಡಿದರೆ ನಾನು ಎದ್ದು ಕಾಫಿ ಮಾಡಲು ಹೋಗುತ್ತಿದ್ದೆ. ಕಾನ್ವೆಂಟಿನಲ್ಲಿ ಓದಿದವಳು, ಸಿಸ್ಟರುಗಳು ನನಗೆ ಪ್ರಾರ್ಥನೆ ಕಲಿಸಿದರೇ ಹೊರತು ದೆವ್ವಕ್ಕೆ ಹೆದರುವುದನ್ನು ಕಲಿಸಲಿಲ್ಲ. ಹಾಗಾಗಿ ಈಗ ಬರೆಯುವುದನ್ನು ನೀವು ನಂಬಲೇಬೇಕೆಂದು ನಾನು ಕೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ, ಬಲಗೈ ಎರಡೂ ಮುರಿದುಕೊಂಡರು. ಹೆಬ್ಬಾಳದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಆಮೇಲೆ ಗಾಯಕ್ಕೆ ಸೋಂಕು ತಗುಲಿ ವಾರಗಟ್ಟಲೆ ಅಲ್ಲೇ ಉಳಿಯಬೇಕಾಯಿತು. ಕೋಗಿಲು ಹಳ್ಳಿಯ ಹೊಲದಲ್ಲಿ ಆಳುಗಳನ್ನು ನಗಿಸುತ್ತಲೇ ಕಳೆ ಕೀಳಿಸುತ್ತಿದ್ದ ಹೆಂಗಸು ಗೋಡೆಯ ಕಡೆ ತಿರುಗಿ ಮಲಗತೊಡಗಿದರು. ಇವತ್ತು ಯಾವ ವಾರ ಎಂದು ಕೇಳುವುದನ್ನೂ ಬಿಟ್ಟರು. ಏನು ತಂದರೂ ಬಾಯಿ ತೆರೆಯರು. "ಗಾಯ ಮಾಯ್ತಿದೆ, ಮನಸ್ಸು ಸೋತಿದೆ. ಹೀಗೇ ಊಟ ಬಿಟ್ರೆ ಎದ್ದು ಓಡಾಡೋದು ಕಷ್ಟ," ಎಂದರು ಡಾಕ್ಟರ್.

ಅವರೆಕಾಯಿ ಕಾಲ ಅದು. ಮನೆಕೆಲಸ ನಿಲ್ಲುವುದಿಲ್ಲವಲ್ಲ, ನೆನೆಸಿದ ಕಾಳನ್ನು ಡಬ್ಬಿಗೆ ಸುರಿದುಕೊಂಡು ವಾರ್ಡಿಗೇ ಒಯ್ದೆ, ಕೂತಲ್ಲೇ ಹಿತುಕಿ ಸಿಪ್ಪೆ ಬಿಡಿಸೋಣವೆಂದು. "ಏನ್ ಆಂಟಿ, ಇಲ್ಲೇ ಅಡುಗೆಮನೆ ಇಟ್ಬಿಟ್ರಾ?" ಎಂದು ನರ್ಸ್ ನಕ್ಕಳು. ನಾನು ಡಬ್ಬಿ ತೆರೆದಿಟ್ಟವಳು ಕಾಳಿಗೆ ಕೈ ಹಾಕುವ ಮೊದಲೇ ಮಧ್ಯಾಹ್ನದ ಜೊಂಪಿಗೆ ಕುರ್ಚಿಯಲ್ಲೇ ನಿದ್ದೆಹೋದೆ.

ನಗು ಕೇಳಿ ಎಚ್ಚರವಾಯಿತು. ಅತ್ತೆ! ಪಕ್ಕದ ಹಾಸಿಗೆಯ ಕಡೆ ತಿರುಗಿ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಆ ಹಾಸಿಗೆ ಹಿಂದಿನ ದಿನದಿಂದ ಖಾಲಿ.

"ಯಾರ ಜೊತೆ ಅತ್ತೆ?"

"ಇವ್ಳೇ ಕಣವ್ವ, ಈಗ ತಾನೆ ಎದ್ದೋದ್ಲು. ನಿನ್ ಸೊಸೆ ಗೊರ್ಕೆ ಒಡೀತಾವ್ಳೆ, ನಾನೇ ಇತುಕ್ತೀನಿ ಬುಡು ಅಂತ ಎಲ್ಲಾ ಬುಡಿಸ್ಬುಟ್ಳು. ಒಟ್ಟೆ ಅಸೀತೈತೆ, ಬಿರ್ರನೆ ಓಗಿ ಸಾರು ಮಾಡ್ಕಂಡ್ ಬಾ."

ಡಬ್ಬಿಯಲ್ಲಿ ಹಿತುಕಿದ ಬೇಳೆ ಹಳದಿಯಾಗಿ ಮಿನುಗುತ್ತಿತ್ತು. ಸಿಪ್ಪೆಯೆಲ್ಲ ಖಾಲಿ ಹಾಸಿಗೆಯ ಬಿಳಿ ಹೊದಿಕೆಯ ಮೇಲೆ ಪುಟ್ಟ ಗುಡ್ಡೆಯಾಗಿ ಕೂತಿತ್ತು. ಅತ್ತೆಯ ಬಲಗೈಗೆ ಪ್ಲಾಸ್ಟರ್, ಎಡಗೈಗೆ ಡ್ರಿಪ್. ಅವರ ಬೆರಳು ಮೂಸಿದೆ. ಅವರೆಯ ಸೊಗಡಿಲ್ಲ, ಸ್ಪಿರಿಟ್ ವಾಸನೆಯಷ್ಟೇ. ನಿದ್ದೆಗಣ್ಣಲ್ಲಿ ನಾನೇ ಮಾಡಿದೆನೇನೋ ಎಂದು ನನ್ನ ಬೆರಳನ್ನೂ ಮೂಸಿಕೊಂಡೆ. ಬೆಳಗಿನ ಸೋಪಿನ ವಾಸನೆ.

ಯಾರೂ ಒಳಗೆ ಬಂದಿಲ್ಲವೆಂದಳು ನರ್ಸ್. "ತುಂಬಾ ದಿನ ಆಸ್ಪತ್ರೇಲಿದ್ರೆ ವಯಸ್ಸಾದವರಿಗೆ ಇಲ್ಲದವರು ಕಾಣಿಸ್ತಾರಮ್ಮ," ಎಂದರು ಡಾಕ್ಟರ್. "ಸರಿ ಡಾಕ್ಟ್ರೇ, ಇಲ್ಲದವರು ಅವರೆಕಾಳು ಹಿತುಕ್ತಾರಾ?" ಎಂದೆ. ಅವರೂ ನಕ್ಕು ಮುಂದಿನ ರೋಗಿಯ ಕಡೆ ನಡೆದರು.

ಯಲಹಂಕದ ಮನೆಗೆ ಓಡಿ ಸಾರು, ಮುದ್ದೆ ಮಾಡಿ ತಂದೆ. ಅತ್ತೆ ಒಂದು ಮುದ್ದೆ ಪೂರ್ತಿ ಉಂಡು, ಉಪ್ಪು ಕಮ್ಮಿ ಎಂದು ಬೈದರು. ಆ ಬೈಗುಳ ಕೇಳಿ ನಾನು ಅತ್ತಿದ್ದನ್ನು ನೋಡಿ ಇನ್ನಷ್ಟು ಬೈದರು. ಮರುದಿನದಿಂದ ಎದ್ದು ಕೂತರು, ಆಮೇಲೆ ವಾಕರ್ ಹಿಡಿದು ನಡೆಯುತ್ತ, ವ್ಯಾಯಾಮ ಮಾಡಿಸುವವನ ಮೇಲೇ ರೇಗಿದರು, ಕೊನೆಗೆ ತಮ್ಮ ಕಾಲ ಮೇಲೇ ಮನೆಗೆ ಬಂದರು.

ಅಂದು ಅಲ್ಲಿ ಕೂತಿದ್ದವರು ಯಾರೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಆಕೆಯ ಹೆಸರಾದರೂ ಏನು ಎಂದು ಅತ್ತೆಯನ್ನು ಎಷ್ಟೋ ಸಲ ಕೇಳಿದ್ದೇನೆ.

"ಎಸ್ರು ಕೇಳಕ್ಕೆ ಪುರುಸೊತ್ತೆಲ್ಲಿತ್ತವ್ವ? ನಕ್ಕೂ ನಕ್ಕೂ ಸಾಕಾಗೋಯ್ತು," ಎನ್ನುತ್ತಾರೆ.