ದೊಡ್ಡಮ್ಮ ಇಂಜಿನ್ ಬಿಚ್ಚಿದ ವರ್ಷ

ನಮ್ಮ ದೊಡ್ಡಮ್ಮನಿಗೆ ಸಸಿಗಳ ನರ್ಸರಿ ಇದೆ. ಬಾವಿಯಿಂದ ನೀರೆತ್ತಲು ಒಂದು ಸಣ್ಣ ಪೆಟ್ರೋಲ್ ಪಂಪು. ಅದು ಕೆಟ್ಟಾಗಲೆಲ್ಲ ಮೆಕ್ಯಾನಿಕ್ ಮೈದುನ ಬಂದು ಹೊತ್ತುಕೊಂಡು ಹೋಗುತ್ತಿದ್ದ. ಏನಾಗಿತ್ತೆಂದು ಕೇಳಿದರೆ, "ಅದೆಲ್ಲ ನಿಮಗ್ಯಾಕೆ ಅತ್ತಿಗೆ, ತಲೆ ಕೆಡಿಸ್ಕೋಬೇಡಿ" ಅನ್ನುತ್ತಿದ್ದ.

ಮೂರು ವರ್ಷದ ಹಿಂದೆ, ಸುಡುಬೇಸಗೆಯಲ್ಲಿ, ಪಂಪು ಅವನ ಅಂಗಡಿಯಲ್ಲಿ ಒಂಬತ್ತು ದಿನ ಬಿದ್ದಿತ್ತು. ದೊಡ್ಡಮ್ಮ ದೊಡ್ಡಪ್ಪ ಕೊಡದಲ್ಲಿ ಹೊತ್ತ ನೀರು ಯಾವ ಮೂಲೆಗೂ ಸಾಲದೆ ಗುಲಾಬಿ ಸಸಿಗಳೆಲ್ಲ ಒಣಗಿ ಸೌದೆಯಾದವು. ಅವನ್ನು ಕಿತ್ತು ರಾಶಿ ಹಾಕಿದ ದಿನವೇ ದೊಡ್ಡಮ್ಮ ಸೀರೆ ಬದಲಿಸಿ ತಾಂತ್ರಿಕ ಶಾಲೆಗೆ ಹೋದಳು. ಅಲ್ಲಿ ಸಣ್ಣ ಇಂಜಿನ್ ರಿಪೇರಿಯ ಮೂರು ತಿಂಗಳ ತರಗತಿ ಇತ್ತು.

"ಮಗನ ಅಡ್ಮಿಷನ್ನಾ ಅಮ್ಮಾ?" ಎಂದರು ಮೇಷ್ಟ್ರು.

"ನನ್ನದೇ. ಎಲ್ಲಿ ಸೈನ್ ಹಾಕ್ಬೇಕು ತೋರ್ಸಿ."

ಮೊದಲ ದಿನ ಮೇಷ್ಟ್ರು ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ತೋರಿಸಿದರು. "ಸ್ಟಾರ್ಟ್ ಮಾಡೋ ಮುಂಚೆ ದಿನಾ ಇದನ್ನ ನೋಡ್ಬೇಕು."

ದೊಡ್ಡಮ್ಮನ ಮೈ ಉರಿಯಿತು. ಪಂಪು ಕೊಂಡ ನಾಲ್ಕು ವರ್ಷದಲ್ಲಿ ಅವಳು ಒಮ್ಮೆಯೂ ಆ ಕಡ್ಡಿಯ ಮುಚ್ಚಳ ತೆರೆದಿರಲಿಲ್ಲ. ತೆರೆಯಬೇಕೆಂದು ಯಾರೂ ಹೇಳಿರಲಿಲ್ಲ.

ಎರಡನೇ ತಿಂಗಳು, ಇಂಜಿನ್ನಿಗೆ ಗಾಳಿ ಬಿಡುವ, ಹೊಗೆ ಹೊರಹಾಕುವ ವಾಲ್ವ್‌ಗಳ ಸಂದು ಹೊಂದಿಸುವ ಪಾಠ. ಅವಳು ಹೊಂದಿಸಿದ ಇಂಜಿನ್ ಕೆಮ್ಮಿ, ಕಟಕಟ ಸದ್ದು ಮಾಡಿ ನಿಂತಿತು. ತರಗತಿಯೆಲ್ಲ ನಕ್ಕಿತು.

"ತಪ್ಪೆಲ್ಲಿ ಹೇಳಿ. ಆಮೇಲೆ ಹಲ್ಲು ಕಿಸೀರಿ" ಎಂದಳು.

ಮೇಷ್ಟ್ರು ಮಾತ್ರ ನಗಲಿಲ್ಲ. "ಪಿಸ್ಟನ್ ಎರಡು ಸಲ ಮೇಲೆ ಬರತ್ತೆ ಅಮ್ಮಾ. ನೀವು ಅದು ಹೊಗೆ ಉಗುಳೋಕೆ ಬಂದಾಗ ಅಳತೆ ತಗೊಂಡಿದ್ದೀರಿ. ಗಾಳಿ ಒತ್ತೋಕೆ ಬಂದಾಗ ತಗೋಬೇಕು, ಆಗ ಎರಡೂ ವಾಲ್ವ್ ಮುಚ್ಚಿರತ್ತೆ."

ಅವಳು ಮತ್ತೆ ಬಿಚ್ಚಿದಳು. ಸಂಜೆಯ ಹೊತ್ತಿಗೆ ಹಗ್ಗದ ಒಂದೇ ಎಳೆತಕ್ಕೆ ಇಂಜಿನ್ ಹತ್ತಿಕೊಂಡಿತು.

ತರಗತಿ ಮುಗಿದ ಮಾರನೇ ದಿನ ಮನೆಯ ಪಂಪು ಬಿಚ್ಚಿದಳು. ಮೈದುನ ಅದನ್ನು ಮತ್ತೊಮ್ಮೆ ಒಯ್ದು 'ಫುಲ್ ಸರ್ವಿಸ್' ಮಾಡಿ ತಂದಿಟ್ಟು ವಾರವೂ ಕಳೆದಿರಲಿಲ್ಲ. ಎಣ್ಣೆ ಡಾಂಬರಿನ ಹಾಗೆ ಕಪ್ಪಗೆ, ಮಂದವಾಗಿ ಇಳಿಯಿತು. ಏರ್ ಫಿಲ್ಟರಿನ ಜಾಗದಲ್ಲಿ ಫಿಲ್ಟರೇ ಇರಲಿಲ್ಲ. ಆ ಎಣ್ಣೆಯನ್ನು ಬಾಟಲಿಗೆ ಸುರಿದುಕೊಂಡು ನೇರ ಅವನ ಅಂಗಡಿಗೆ ನಡೆದಳು. ಗಿರಾಕಿಗಳೆದುರೇ ಬಾಟಲಿಯನ್ನು ಬೆಂಚಿನ ಮೇಲೆ ಕುಕ್ಕಿದಳು.

"ಇದನ್ನ ಯಾವಾಗ ಬದಲಾಯಿಸಿದ್ದೆ?"

ಅವನು ಕೈ ಒರೆಸಿಕೊಂಡ. "ನೀವು ಕೇಳ್ಲೇ ಇಲ್ವಲ್ಲ ಅತ್ತಿಗೆ."

"ಗೊತ್ತಿಲ್ದೇ ಇರೋದನ್ನ ಹೇಗಯ್ಯಾ ಕೇಳ್ಲಿ? ಕೇಳಿದಾಗೆಲ್ಲ ಬಾಯಿ ಮುಚ್ಚಿಸಿದ್ದು ಯಾರು?"

"ಎಲ್ಲಾ ಹೇಳ್ಕೊಟ್ರೆ ನಮ್ಮ ಹೊಟ್ಟೆಪಾಡು ಹೇಗೆ ನಡೀಬೇಕು" ಎಂದು ಅವನು ತಮಾಷೆಯ ದನಿಯಲ್ಲಿ ಹೇಳಿದ. ಯಾರೂ ನಗಲಿಲ್ಲ.

"ನನ್ನ ಸಸಿ ಸಾಯಿಸಿ ನಿನ್ನ ಹೊಟ್ಟೆಪಾಡು ನಡೀಬೇಕಿತ್ತಾ?"

ಉತ್ತರಕ್ಕೂ ಕಾಯದೆ ಬಂದುಬಿಟ್ಟಳು.

ಅಂದಿನಿಂದ ಪಂಪಿನ ಉಸ್ತುವಾರಿ ಅವಳದೇ. ಅಕ್ಕಪಕ್ಕದವರು ಹುಲ್ಲು ಕತ್ತರಿಸುವ ಮಿಷಿನ್ನು ತಂದರೆ, ಬಯ್ಯುತ್ತಲೇ, ಅವರ ಕೈಯಲ್ಲೇ ಬಿಚ್ಚಿಸಿ ಕಲಿಸುತ್ತಾಳೆ. ಮೈದುನ ಈಗಲೂ ಮನೆಗೆ ಬಂದು ಹೋಗುತ್ತಾನೆ, ಆದರೆ ದೊಡ್ಡಮ್ಮ ಅವನೊಡನೆ ಮಾತು ಬಿಟ್ಟಿದ್ದಾಳೆ.

"ಒಂದ್ ಮಾತಾಡೇ, ನನ್ನ ತಮ್ಮ ಅಲ್ವಾ" ಎಂದು ದೊಡ್ಡಪ್ಪ ಗೋಗರೆಯುತ್ತಾನೆ.

"ಊಟ ಬಡಿಸ್ತೀನಿ. ಅಷ್ಟೇ."