ಹೋಗ್ತೀನಿ ಅಂದ ಹೊಸ್ತಿಲು

ನಾರಾಯಣಪೇಟೆಯಲ್ಲಿ ಖಾನಾವಳಿ ಅಮರಮ್ಮನ ಕೈಯ ರೊಟ್ಟಿ ತಿನ್ನದ ವ್ಯಾಪಾರಸ್ಥರಿರಲಿಲ್ಲ. ಹಾಗೆಯೇ ಆಕೆಯನ್ನು ಬೀದಿಯಲ್ಲಿ ಕಂಡವರೂ ಇರಲಿಲ್ಲ. ಸಂತೆಯ ಜೋಳ ಮನೆಗೇ ಬರುತ್ತಿತ್ತು, ನೀರು ಮನೆಗೇ ಬರುತ್ತಿತ್ತು, ಹಬ್ಬಕ್ಕೆ ನೇಕಾರರೇ ಸೀರೆಯ ಗಂಟು ಹೊತ್ತು ಬರುತ್ತಿದ್ದರು. ಮಗ್ಗುಲ ಮನೆಯಲ್ಲಿ ಮದುವೆಯಾದರೂ ಆಕೆ ತನ್ನ ಹೊಸ್ತಿಲ ಒಳಗೇ ನಿಂತು ಅಕ್ಷತೆ ಎಸೆದಳು. ಸ್ವಂತ ಮನೆಯಾದ ಮೇಲೆ ಹೆಂಗಸಿಗೆ ಸೊಕ್ಕು ಬಂದಿದೆ ಎಂದು ಊರು ಆಡಿಕೊಂಡಿತು. ಊರ ಬಾಯಿಗೆ ಬೀಗ ಹಾಕುವವರು ಯಾರು? ಅದು ಸೊಕ್ಕಲ್ಲ, ಭಯ. ಎಂಥ ಭಯ ಎಂದು ತಿಳಿಯಬೇಕಾದರೆ ಆಕೆ ಆ ಮನೆ ಕೊಂಡ ಕತೆ ಕೇಳಬೇಕು.

ಗಂಡ ತೀರಿಕೊಂಡಾಗ ಅಮರಮ್ಮನಿಗೆ ಇನ್ನೂ ಹರೆಯ, ಮಕ್ಕಳಿರಲಿಲ್ಲ. ಇದ್ದ ಒಬ್ಬ ತಂಗಿ ಶಿವಬಸಮ್ಮನನ್ನು ಮಕ್ತಲ್‌ಗೆ ಕೊಟ್ಟಿದ್ದರು. ಅವಳ ಮನೆಯಲ್ಲಿ ಹೋಗಿ ಬೀಳಲು ಮನಸ್ಸಾಗಲಿಲ್ಲ. ರೊಟ್ಟಿ ಬಡಿಯುವ ಕೈ ಗಟ್ಟಿಯಿತ್ತು. ಬಾಡಿಗೆ ಮನೆ ಹಿಡಿದು ಖಾನಾವಳಿ ಇಟ್ಟಳು. ಆದರೆ ಅವಳ ಅದೃಷ್ಟ ನೋಡಿ, ನಾಲ್ಕು ಜನರ ಬಾಯಿಗೆ ರುಚಿ ಹತ್ತಿ ವ್ಯಾಪಾರ ಕುದುರಿತು ಅನ್ನುವಷ್ಟರಲ್ಲಿ ಮನೆ ಒಡೆಯನ ಅಣ್ಣನೋ ಅತ್ತೆಯೋ ಎಲ್ಲಿಂದಲೋ ಉದುರಿ, "ಈ ಮನ್ಯಾಗ ನಮ್ಮದೂ ಪಾಲೈತಿ, ಖಾಲಿ ಮಾಡ್ರಿ" ಅನ್ನುತ್ತಿದ್ದರು. ಒಂದು ಸಲವಂತೂ ಒಲೆಯ ಮೇಲೆ ಬೇಳೆ ಕುದಿಯುತ್ತಿರುವಾಗಲೇ ಪಾತ್ರೆಗಳು ಬೀದಿಗೆ ಬಿದ್ದವು. ಕುದಿಯುವ ಗಡಿಗೆಯನ್ನು ಸೆರಗಿನಲ್ಲಿ ಹಿಡಿದು ನಡುಬೀದಿಯಲ್ಲಿ ನಿಂತಾಗ ಆಕೆಗೆ ಹುಟ್ಟಿದ್ದು ಒಂದೇ ಆಸೆ. ತನ್ನನ್ನು ಹೊರಗೆ ನಡಿ ಅನ್ನಲು ಯಾರಿಗೂ ಬಾಯಿರದಂಥ ಒಂದು ಹೊಸ್ತಿಲು ಬೇಕು.

ಜರ್ಮನಿಯ ಯುದ್ಧ ನಡೆದಿದ್ದ ಕಾಲದಲ್ಲಿ ಅಂಥ ಮನೆ ಕಣ್ಣಿಗೆ ಬಿತ್ತು. ಬಜಾರದ ಹಿಂದಿನ ಓಣಿ, ಮುಂದೆ ಕಲ್ಲಿನ ಕಟ್ಟೆ, ಊಟಕ್ಕೆ ಪಂಕ್ತಿ ಹಾಕುವಷ್ಟು ಉದ್ದದ ಪಡಸಾಲೆ, ಹಿಂದೊಂದು ಖೋಲಿ. ಒಡೆಯ ಎಂಕಪ್ಪ ಅದನ್ನು ಮಾರಿ ಸೊಲ್ಲಾಪುರದ ಬಟ್ಟೆ ಗಿರಣಿಯ ಕೆಲಸಕ್ಕೆ ಹೋಗುವವನಿದ್ದ. ಅಮರಮ್ಮ ಕೂಡಿಸಿಟ್ಟದ್ದು ಸಾಲುತ್ತಿರಲಿಲ್ಲ. ಉಳಿದದ್ದಕ್ಕೆ ಅದೇ ಮನೆಯನ್ನು ಸಾಹುಕಾರನೊಬ್ಬನಿಗೆ ರೆಹನ್, ಅಂದರೆ ಒತ್ತೆ, ಬರೆದುಕೊಡಬೇಕು. ಸಾಹುಕಾರನನ್ನು ಹುಡುಕಿಕೊಡಲು ಒಬ್ಬ ದಲ್ಲಾಳಿ ಬೇಕು, ಕಾಗದ ನೋಡಲು ಒಬ್ಬ ವಕೀಲ ಬೇಕು. ನಿಜಾಮರ ಕಚೇರಿಯ ಉರ್ದು ಕಾಗದ ಆಕೆಗೆ ಓದಲು ಬರುತ್ತಿರಲಿಲ್ಲ. ಆದರೆ ಮನುಷ್ಯರನ್ನು ಓದಲು ಬರುತ್ತಿತ್ತು, ಅದೂ ಅವರು ಊಟಕ್ಕೆ ಕೂತಾಗ.

ಮೊದಲು ಬಂದವನು ದಲ್ಲಾಳಿ ಜಂಬಪ್ಪ. ರೊಟ್ಟಿ ಮುರಿಯುವ ಮೊದಲೇ "ಅಮೃತ, ಅಮೃತ" ಅಂದ.

"ಮಕ್ತಲದಾಗ ನಮ್ಮ ಸಾಹುಕಾರ್ರು ಅದಾರ್ರಿ. ಏನೂ ಕೇಳಂಗಿಲ್ಲ. ವಕೀಲರೂ ನಮ್ಮವರ. ಮುಂಜಾಲಿ ಬರದ್ರ ಸಂಜೀಕ ಮನಿ ನಿಮ್ಮದು."

ದಲ್ಲಾಳಿಯ ಬಾಯಲ್ಲಿ ಎಲ್ಲರೂ ನಮ್ಮವರೇ. ಮಾರುವವನ ಎದುರು ಕೂತಾಗ ಅವನೂ ನಮ್ಮವನೇ.

"ಹಿಂದಿನ ಖೋಲ್ಯಾಗ ಒಬ್ಬ ಮುದುಕಿ ಅದಾಳಲ್ಲಪಾ?" ಎಂದು ಅಮರಮ್ಮ ಕೇಳಿದಳು.

"ಬುಗ್ಗಮ್ಮನಾ? ಎಂಕಪ್ಪನ ದೊಡ್ಡವ್ವ. ಇರಲಿ ಬಿಡ್ರಿ, ಉದುರೋ ಹಣ್ಣೆಲಿ. ಒಂದು ರೊಟ್ಟಿ ಹಾಕಿದ್ರ ಮೂಲ್ಯಾಗ ಕುಂತಿರ್ತಾಳ."

ಎರಡನೆಯವರು ಗದ್ವಾಲಿನ ವಕೀಲ ಶರಣಯ್ಯನವರು. ಕಚೇರಿಯ ಕೆಲಸಕ್ಕೆ ನಾರಾಯಣಪೇಟೆಗೆ ಬಂದಾಗಲೆಲ್ಲ ಅಮರಮ್ಮನಲ್ಲೇ ಊಟ. ಎಂದೂ ಹೊಗಳಿದವರಲ್ಲ. ರೊಟ್ಟಿ ತಟ್ಟೆಗೆ ಬಿದ್ದ ಕೂಡಲೇ ಅದನ್ನು ಮಗುಚಿ ಕೆಳಗಿನ ಮಗ್ಗುಲು ನೋಡಿಯೇ ಮುರಿಯುವವರು. ಯಾಕ್ರೀ ಹಂಗ ಎಂದು ಆಕೆ ಒಮ್ಮೆ ಕೇಳಿದ್ದಕ್ಕೆ, "ಮ್ಯಾಲಿನ ಮಗ್ಗಲು ಎಲ್ಲಾರೂ ಚಂದ ಸುಡ್ತಾರ" ಅಂದಿದ್ದರು.

ಮನೆಯ ವಿಷಯವನ್ನೂ ಅವರು ಹಾಗೆಯೇ ಮಗುಚಿ ನೋಡಿದರು.

"ಹೆಸರು ಎಂಕಪ್ಪಂದು ಇರಬೌದು, ಇರೋ ಹಕ್ಕು ಮುದುಕೀದು. ಆಕಿ ಗಂಡನ ಮನಿ ಅದು. ಇವತ್ತು ಮೂಲ್ಯಾಗ ಕುಂತಾಕಿ ನಾಳೆ ಪಡಸಾಲಿಗೆ ಬರ್ತಾಳ, ನಾಡದ್ದು ಆಕಿ ಕಡೆಯವರು ಬರ್ತಾರ. ಗದ್ವಾಲದ ಸಾಹುಕಾರ್ರಿಗೆ ನಾ ಹೇಳ್ತೀನಿ, ಬಡ್ಡಿ ಕಡಿಮಿ. ಆದ್ರ ಅವರಿಗೆ ಮನಿ ಸಾಫ್ ಇರಬೇಕು. ಮುದುಕಿ ಹೆಬ್ಬೆಟ್ಟು ಒತ್ತಿ ನಾಲ್ಕು ಮಂದಿ ಮುಂದ ಹೊಸ್ತಿಲು ದಾಟಬೇಕು."

ಆಕಿ ಕಡೆಯವರು ಬರ್ತಾರ ಎಂಬ ಮಾತು ಅಮರಮ್ಮನ ಎದೆಗೆ ನಾಟಿತು. ಕುದಿಯುವ ಗಡಿಗೆ ನೆನಪಾಯಿತು. ಜಂಬಪ್ಪನಿಗೆ ಬೇಡ ಅಂದು ಶರಣಯ್ಯನವರಿಗೆ ಹೂಂ ಅಂದಳು. ನಾನಾಗಿದ್ದರೂ ಅವರನ್ನೇ ಆರಿಸುತ್ತಿದ್ದೆ, ನೀವೂ ಅಷ್ಟೇ. ಆಕೆಯ ಆಯ್ಕೆಯಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ, ಅದೇ ನೋಡಿ ಆಕೆಯ ಗೋಳು.

ಬರೆಯುವ ಮೊದಲು ಮನೆ ನೋಡಲು ಹೋದಾಗ ಬುಗ್ಗಮ್ಮ ಹೊಸ್ತಿಲಿಗೆ ಕೆಮ್ಮಣ್ಣು ಸಾರಿಸುತ್ತ ಕೂತಿದ್ದಳು. ಬಾಗಿದ ಬೆನ್ನು ಎತ್ತಿ, "ನೀನ ಏನವ್ವ ಮನಿ ತಗೊಳ್ಳಾಕಿ? ನೋಡು, ಎಲ್ಲೂ ಸೋರಂಗಿಲ್ಲ. ಒಲಿ ಮಾತ್ರ ಮೂಡಲ ಮೂಲಿಗಿ ಹಾಕು, ಹೊಗಿ ತಾನ ಹೊರಗ ಹೋಗ್ತೈತಿ" ಅಂದಳು. ತಾನೂ ಹೊಗೆಯ ಹಾಗೆ ಹೊರಗೆ ಹೋಗಬೇಕೆಂದು ಅವಳಿಗೆ ಯಾರೂ ಆಗ ಹೇಳಿರಲಿಲ್ಲ. ಅಮರಮ್ಮನೂ ಹೇಳಲಿಲ್ಲ.

ಎಂಕಪ್ಪ ಏನು ಹೇಳಿ ಒಪ್ಪಿಸಿದನೋ, ಮುದುಕಿ ಹೆಬ್ಬೆಟ್ಟು ಒತ್ತಿದಳು. ಮನೆ ವಶಕ್ಕೆ ಕೊಡುವ ದಿನ ಬೆಳಿಗ್ಗೆ ಓಣಿಯ ಹಿರಿಯರು ಸಾಕ್ಷಿಗೆಂದು ಬಂದು ಕಟ್ಟೆಯ ಮೇಲೆ ಕೂತರು. ಶರಣಯ್ಯನವರು ಅಮರಮ್ಮನನ್ನು ಹೊಸ್ತಿಲ ಒಳಗೆ ನಿಲ್ಲಿಸಿ ಮೆಲ್ಲಗೆ ಹೇಳಿದರು:

"ಒಂದು ಮಾತು ಲಕ್ಷ್ಯದಾಗಿರಲಿ. ಆಕಿ ಬಾಯಿಂದ 'ಬರ್ತೀನಿ' ಅಂತ ಬರಬಾರದು, ನಿಮ್ಮ ಬಾಯಿಂದ 'ಬರ್ರಿ' ಅಂತ ಬರಬಾರದು. ಹಿಂದ ಒಂದು ಖಟ್ಲೆದಾಗ ಸಾಕ್ಷಿದಾರರು ಇದನ್ನ ಹಿಡಕೊಂಡ್ರು. ಆಕಿ ಬರ್ತೀನಿ ಅಂದಾಳ, ಇವರು ಬಾ ಅಂದಾರ, ಅಂದ್ರ ಹಕ್ಕು ಉಳದೈತಿ ಅಂತ. ಆ ಮನಿ ಇನ್ನೂ ಕಚೇರ್ಯಾಗ ಐತಿ."

ನಮ್ಮ ಸೀಮೆಯ ರೂಢಿ ನಿಮಗೆ ಗೊತ್ತೇ ಇದೆ. ಹೊರಡುವಾಗ ಯಾರೂ ಹೋಗುತ್ತೇನೆ ಅನ್ನುವುದಿಲ್ಲ. ಕನ್ನಡದವರು ಬರ್ತೀನಿ ಅನ್ನುತ್ತಾರೆ, ತೆಲುಗರು ಪೋಯೊಸ್ತ ಅನ್ನುತ್ತಾರೆ, ಮುಸಲ್ಮಾನರು ಜಾಕೆ ಆತೂಂ ಅನ್ನುತ್ತಾರೆ, ಎಲ್ಲದರ ಅರ್ಥ ಹೋಗಿ ಬರುತ್ತೇನೆ ಎಂದೇ. ಬಾವಿಗೆ ನೀರಿಗೆ ಹೋಗುವವರೂ ಹಾಗೆಯೇ ಹೇಳಿ ಹೋಗುವುದು. ಬರೀ 'ಹೋಗ್ತೀನಿ' ಅನ್ನುವುದು ಸಾಯುವವರ ಮಾತು.

ಬುಗ್ಗಮ್ಮ ಬಟ್ಟೆಯ ಗಂಟು ಕಂಕುಳಲ್ಲಿಟ್ಟುಕೊಂಡು ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ದಾಟಿದಳು. ತಿರುಗಿ ನಿಂತು, ಬದುಕಿಡೀ ಅಂದ ಮಾತನ್ನೇ ಅಂದಳು.

"ಬರ್ತೀನಿ ಯವ್ವಾ."

"ಹಂಗಲ್ಲ," ಅಂದರು ಶರಣಯ್ಯನವರು. "ಹೋಗ್ತೀನಿ ಅನ್ರಿ."

ಮುದುಕಿ ನಕ್ಕಳು. ವಕೀಲರು ಚೇಷ್ಟೆ ಮಾಡುತ್ತಿದ್ದಾರೆ ಅಂದುಕೊಂಡಿರಬೇಕು. "ಮುಂಜಾಲೆದ್ದು ಅಂಥ ಮಾತು ಯಾರಾರ ಆಡ್ತಾರೇನ್ರೀ?"

ಯಾರೂ ನಗಲಿಲ್ಲ. ಕಟ್ಟೆಯ ಮೇಲಿದ್ದವರು ನೆಲ ನೋಡಿದರು. ಆಗ ಬುಗ್ಗಮ್ಮ ಒಳಗೆ ನಿಂತವಳನ್ನು ನೋಡಿ ಕೇಳಿದಳು, "ನೀ ಹೇಳವ್ವ. ಅನ್ನಬೇಕೇನು?"

ಅಮರಮ್ಮ ಬೇಡ ಅನ್ನಬಹುದಿತ್ತು. ಆ ಗಳಿಗೆಯಲ್ಲಿ ಮನೆಯ ಒಡತಿ ಅವಳೇ. ಆದರೆ ಇಷ್ಟು ವರ್ಷ ಬೀದಿಗೆ ಬಿದ್ದ ಪಾತ್ರೆಗಳ ಸದ್ದು ಕಿವಿಯಲ್ಲಿತ್ತು.

"ಅನ್ರಿ," ಅಂದಳು.

"ಹೋಗ್ತೀನಿ," ಅಂದಳು ಬುಗ್ಗಮ್ಮ.

ಅಮರಮ್ಮನ ನಾಲಿಗೆಯ ತುದಿಗೆ ಹೋಗಿ ಬರ್ರಿ ಎಂಬ ಮಾತು ತಾನಾಗಿ ಬಂತು. ಕರೆಯದೆ ಬರುವ ಮಾತು ಅದು. ಹಲ್ಲು ಕಚ್ಚಿ ನುಂಗಿದಳು. ಅವತ್ತು ನುಂಗಿದ್ದು ಮತ್ತೆ ಕೆಳಗಿಳಿಯಲೇ ಇಲ್ಲ.

ಒಲೆಯನ್ನು ಮೂಡಲ ಮೂಲೆಗೆ ಹಾಕಿದಳು. ಹೊಗೆ ತಾನಾಗಿ ಹೊರಗೆ ಹೋಯಿತು. ಖಾನಾವಳಿ ಹಿಂದೆಂದಿಗಿಂತ ಚೆನ್ನಾಗಿ ನಡೆಯಿತು. ಚಳಿ ಶುರುವಾದ ಮೇಲೆ ಒಂದು ದಿನ ಜಂಬಪ್ಪ ಊಟಕ್ಕೆ ಬಂದ. ಅಮೃತ ಅನ್ನಲಿಲ್ಲ.

"ಬುಗ್ಗಮ್ಮ ಹೋದಳಂತ್ರಿ," ಅಂದ. "ಎಂಕಪ್ಪ ಆಕೀನ ದಾಮರಗಿದ್ದದಾಗ ಕಳ್ಳುಬಳ್ಳಿಯವರ ಮನಿಗೆ ಬಿಟ್ಟು ಗಿರಣಿಗೆ ಹೋದ. ಅವರು ಪಾಪ ಕೈ ಹಿಡದು ಒಳಗ ಬಾ ಅಂದ್ರ ಬರಲಿಲ್ಲಂತ. 'ಹೋಗ್ತೀನಿ ಅಂದ್ಬಿಟ್ಟೀನಿ, ಇನ್ನ ಯಾರ ಮನಿಗೆ ಬರಲಿ?' ಅಂತಿದ್ದಳಂತ. ಚಳ್ಯಾಗ ಕಟ್ಟಿ ಮ್ಯಾಲ ಕುಂತಾಕಿ ಕುಂತಲ್ಲೇ ಹೋಗ್ಯಾಳ."

ಜಂಬಪ್ಪನ ಮಾತು ಕೇಳಿದ್ದರೆ ಆ ಮುದುಕಿ ಮೂಲೆಯಲ್ಲಿ ಒಂದು ರೊಟ್ಟಿ ತಿಂದುಕೊಂಡು ಬದುಕಿರುತ್ತಿದ್ದಳು. ಸುಳ್ಳುಗಾರ ದಲ್ಲಾಳಿಯ ಅಡ್ಡಾದಿಡ್ಡಿ ಕಾಗದದಲ್ಲಿ ಅವಳಿಗೆ ಜಾಗವಿತ್ತು. ಪ್ರಾಮಾಣಿಕ ವಕೀಲರ ಪಕ್ಕಾ ಕಾಗದದಲ್ಲಿ ಇರಲಿಲ್ಲ. ಹಾಗೆಂದು ಶರಣಯ್ಯನವರನ್ನು ಬೈಯಲೂ ಅಮರಮ್ಮನಿಗೆ ಬಾಯಿ ಬರಲಿಲ್ಲ. ಮುದುಕಿ ಕೇಳಿದ್ದು ವಕೀಲರನ್ನಲ್ಲ, ತನ್ನನ್ನು.

ಲಿಂಗೈಕ್ಯರಾದವರು ಮರಳಿ ಬರುವುದಿಲ್ಲ, ದೆವ್ವ ಗಿವ್ವ ಎಲ್ಲ ಸುಳ್ಳು ಎಂದು ಅಮರಮ್ಮ ಚಿಕ್ಕಂದಿನಿಂದ ಕೇಳಿದ್ದಳು. ಆದರೂ ಮಧ್ಯಾಹ್ನ ಉಂಡವರೆಲ್ಲ ಎದ್ದುಹೋಗಿ ಮನೆ ಬಿಮ್ಮೆನ್ನುವಾಗ ಹಿಂದಿನ ಖೋಲಿಯ ಬಾಗಿಲ ಕೊಂಡಿ ಕಿಣಿಕಿಣಿ ಅನ್ನುತ್ತಿತ್ತು, ಯಾರೋ ಒಳಗೆ ಬರಲೋ ಬೇಡವೋ ಎಂದು ಕೈಯಿಟ್ಟು ತೆಗೆದಂತೆ. ಹೋಗಿ ನೋಡಿದರೆ ಯಾರೂ ಇಲ್ಲ. ಕೆಲವು ದಿನ ತಾನಿನ್ನೂ ಸಾರಿಸದ ಹೊಸ್ತಿಲು ಹಸಿಯಾಗಿರುತ್ತಿತ್ತು, ಕೆಮ್ಮಣ್ಣಿನ ವಾಸನೆ. ಊಟದವರು ಹೊರಡುತ್ತ ಬರ್ತೀನವ್ವಾ ಅಂದಾಗಲೆಲ್ಲ ಆಕೆ ಒಲೆಯ ಕಡೆ ತಿರುಗಿಬಿಡುತ್ತಿದ್ದಳು.

ಹೀಗಿರುವಾಗ ಒಂದು ದಿನ ಆಕೆ ಸಂತೆಗೆ ಹೊರಟಳು. ಹೊಸ್ತಿಲಿಗೆ ಬಂದು, ಎಲ್ಲರೂ ಮನೆಗೆ ಹೇಳುವಂತೆ ಬರ್ತೀನಿ ಅನ್ನಲು ಬಾಯಿ ತೆರೆದಳು. ದನಿ ಹೊರಡಲಿಲ್ಲ. ಇನ್ನೊಬ್ಬರ ಬಾಯಿಂದ ಕಿತ್ತುಕೊಂಡ ಮಾತನ್ನು ತಾನು ಯಾವ ಮುಖದಲ್ಲಿ ಆಡುವುದು? ಅಂದರೂ ಒಳಗಿಂದ ಬಾ ಅನ್ನುವವರು ಯಾರು? ಇನ್ನೊಂದು ಮಾತನ್ನಂತೂ ಆಡುವ ಧೈರ್ಯವಿರಲಿಲ್ಲ. ಎತ್ತಿದ ಕಾಲನ್ನು ಒಳಗಿಟ್ಟಳು. ಅವತ್ತಿನಿಂದ ಆಕೆ ಹೊಸ್ತಿಲು ದಾಟಲಿಲ್ಲ. ಯಾರೂ ಹೊರಗೆ ಹಾಕಲಾರದ ಮನೆ ಬೇಕೆಂದಿದ್ದಳು, ತಾನೂ ಹೊರಗೆ ಬರಲಾರದ ಮನೆ ಸಿಕ್ಕಿತು.

ವರ್ಷಗಳು ಕಳೆದವು. ಸಾಲ ತೀರಿ ರೆಹನ್ ಬಿಡುಗಡೆಯಾದಾಗ ಶರಣಯ್ಯನವರು ಕಾಗದ ತಂದುಕೊಟ್ಟು, "ಇನ್ನ ಅಂಜಬ್ಯಾಡ್ರಿ ಅಮರಮ್ಮ, ಈ ಮನಿಗೆ ಯಾರೂ ಬರಂಗಿಲ್ಲ" ಅಂದರು.

"ಅದ ನನ್ನ ಅಂಜಿಕಿ ರೀ," ಅಂದಳು ಆಕೆ. ವಕೀಲರು ಆವತ್ತು ರೊಟ್ಟಿ ಮಗುಚಿ ನೋಡದೆ ಉಂಡರು.

ನಿಜಾಮರ ರಾಜ್ಯ ಇನ್ನೇನು ಮುಗಿಯಲಿದೆ ಎಂದು ಜನ ಪಿಸುಗುಡುತ್ತಿದ್ದ ಬೇಸಗೆಯಲ್ಲಿ ಮಕ್ತಲ್‌ನಿಂದ ಗಾಡಿ ಬಂತು. ಗಾಡಿ ಹೊಡೆಯುವ ಎಲ್ಲಪ್ಪ ಕಟ್ಟೆಯ ಕೆಳಗೆ ನಿಂತು, "ನಿಮ್ಮ ತಂಗಿಗೆ ಭಾಳ ಜಡ್ಡಾಗೇತಿ. ಅಕ್ಕನ್ನ ನೋಡಬೇಕು ಅಂತ ಕಣ್ಣು ಬಾಗಿಲ ಕಡಿ ಇಟ್ಟಾಳ. ಈಗ ಹೊಂಡ್ರಿ" ಅಂದ.

ಇದ್ದ ಒಬ್ಬ ತಂಗಿ. ಅಮರಮ್ಮ ಸೀರೆ ಬದಲಿಸಿ, ಲಿಂಗಕ್ಕೆ ಕೈಮುಗಿದು, ಬುತ್ತಿ ಕಟ್ಟಿಕೊಂಡು ಹೊಸ್ತಿಲಿಗೆ ಬಂದು ನಿಂತಳು. ಬಿಸಿಲು ಕಟ್ಟೆಯ ಮೇಲೇರಿ ಬರುತ್ತಿತ್ತು. "ಯವ್ವಾ, ಹೊತ್ತಾತು" ಎಂದು ಎಲ್ಲಪ್ಪ ಕೂಗಿದ. ತಂಗಿಯ ಕಣ್ಣು ಬಾಗಿಲ ಕಡೆಗಿದೆ ಎಂಬುದೊಂದೇ ಆಕೆಗೆ ಕಾಣುತ್ತಿತ್ತು. ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು, ದಾಟಿದಳು, ತಿರುಗಿ ಖಾಲಿ ಪಡಸಾಲೆಯನ್ನು ನೋಡಿದಳು. ಬರ್ತೀನಿ ಅನ್ನುವ ಹಕ್ಕು ತನಗಿಲ್ಲ ಎಂದು ಆಕೆಗೆ ಗೊತ್ತಿತ್ತು. ಆದದ್ದಾಗಲಿ, ಮನೆ ಹೋದರೆ ಹೋಗಲಿ, ಜೀವ ಹೋದರೆ ಹೋಗಲಿ.

"ಹೋಗ್ತೀನಿ ಬುಗ್ಗಮ್ಮಾ," ಅಂದಳು.

ಹಿಂದಿನ ಖೋಲಿಯ ಕೊಂಡಿ ಕಿಣಿ ಅಂದಿತು.

"ಹಂಗನಬ್ಯಾಡ ಯವ್ವಾ. ಹೋಗಿ ಬಾ."

ಅಮರಮ್ಮ ಕಟ್ಟೆಯ ಕಲ್ಲು ಹಿಡಿದುಕೊಂಡು ಅತ್ತಳು, ಇಷ್ಟು ವರ್ಷದ ಅಳುವೆಲ್ಲ ಒಟ್ಟಿಗೇ ಬಂತು. ಆಮೇಲೆ ಕಣ್ಣೊರೆಸಿಕೊಂಡು, ಬಾಗಿಲನ್ನು ಹಾಗೆಯೇ ಹಾರುಹೊಡೆದು ಬಿಟ್ಟು ಗಾಡಿಯತ್ತ ನಡೆದಳು.

"ಕೀಲಿ ಹಾಕಂಗಿಲ್ಲೇನು ಯವ್ವಾ?" ಎಂದು ಎಲ್ಲಪ್ಪ ಕೇಳಿದ. ಒಳಗೆ ಇಣುಕಿ ನೋಡಿ, "ಈಗ ಮಾತಾಡಿದವರು ಯಾರು?" ಅಂದ.

"ಮನಿಯಾಕಿ," ಅಂದು ಅಮರಮ್ಮ ಗಾಡಿ ಹತ್ತಿದಳು.