ಸರಿ ಆಗಂಗಿಲ್ಲ ಎಂದ ಮೌಶಿ

ಮೌಶಿಯ ಬಲಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಮುರಿದದ್ದು ಸರಿಯಾಗಿ ಕೂಡಿರಲಿಲ್ಲವಂತೆ. ಪುಸ್ತಕದ ಹಾಳೆ ತಿರುವುವಾಗ ಅದೊಂದು ಬೆರಳು ಮಾತ್ರ ನೆಟ್ಟಗೆ ನಿಂತು, ಎದುರಿಗಿದ್ದವರನ್ನು ಗದರಿಸುತ್ತಿರುವಂತೆ ಕಾಣುತ್ತಿತ್ತು.

ಚಿಕ್ಕಮ್ಮನೆಂಬಂತೆ ಮೌಶಿ ಎಂದು ಕರೆಯುತ್ತಿದ್ದರೂ ಅವರು ನಮಗೆ ಸಂಬಂಧಿಕರೇನಲ್ಲ. ಬರ್ಕತ್‌ಪುರದ ನಮ್ಮ ಕಟ್ಟಡದಲ್ಲಿ ಕೆಳಗಿನ ಮನೆ ಅವರದು, ಮೇಲಿನದು ನಮ್ಮದು. ನಮ್ಮ ಹಾಗೆ ಅವರೂ ಕಲಬುರಗಿ ಕಡೆಯವರು. ಸಿಕಂದರಾಬಾದಿನ ಕಚೇರಿಯೊಂದರಲ್ಲಿ ದುಡಿದು ನಿವೃತ್ತರಾಗಿದ್ದರು. ಗಂಡ ಇರಲಿಲ್ಲ. ಇದ್ದ ಒಬ್ಬ ಮಗ ಹದಿಹರೆಯದಲ್ಲೇ ಡೆಂಗ್ಯೂ ಬಂದು ತೀರಿಕೊಂಡಿದ್ದ. ಅದು ಕಟ್ಟಡದವರಿಗೆಲ್ಲ ಗೊತ್ತಿತ್ತು, ಆದರೆ ಮೌಶಿ ಅವನ ಸುದ್ದಿ ಎತ್ತುತ್ತಿರಲಿಲ್ಲ, ಬೇರೆ ಯಾರಿಗೂ ಎತ್ತುವ ಧೈರ್ಯವಿರಲಿಲ್ಲ.

ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಅವರ ಪಡಸಾಲೆಯಲ್ಲಿ ಕನ್ನಡ ಓದುವವರು ಸೇರುತ್ತಿದ್ದರು. ಎಲ್ಲರೂ ಒಂದೇ ಪುಸ್ತಕ ಓದಿಕೊಂಡು ಬಂದು ಅಭಿಪ್ರಾಯ ಹೇಳಬೇಕು. "ಭಾಳ ಛಲೋ ಐತಿ" ಎಂದು ಯಾರಾದರೂ ಶುರು ಮಾಡಿದರೆ ಮೌಶಿ ಅಲ್ಲೇ ತಡೆಯುತ್ತಿದ್ದರು. "ಛಲೋ ಐತಿ ಅಂತ ಎಲ್ಲಾರೂ ಅಂತಾರ್ರಿ. ನೀವು ಓದಲಾರದ ಎಲ್ಲಿ ಎದ್ದು ಹೋದ್ರಿ, ಅದನ್ನ ಹೇಳ್ರಿ." ಹೊರಗೆಲ್ಲ ತೆಲುಗು, ಹಿಂದಿಯಲ್ಲಿ ದಿನ ದೂಡುವವರಿಗೆ ಆ ಎರಡು ತಾಸು ತವರಿನ ಹಾಗಿತ್ತು. ಮೌಶಿಗೂ ಅಷ್ಟೇ. ಹಿಂದಿನ ದಿನದಿಂದಲೇ ಅವರ ಮುಖಕ್ಕೆ ಕಳೆ ಬರುತ್ತಿತ್ತು.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ಅವ್ವ ಒಂದು ಬೆಳಿಗ್ಗೆ ಒಲೆಯ ಮುಂದೆ ಕುಸಿದಳು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು. ಆಮೇಲೆ ನಾನು ಶಾಲೆಗೆ ಹೋಗುವುದನ್ನು ಬಿಟ್ಟೆ. ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ. ಬಂದವರೆಲ್ಲ ತಲೆ ಸವರಿ, ದಿನ ಕಳೆದಂತೆ ಸರಿಹೋಗುತ್ತದೆ ಎನ್ನುತ್ತಿದ್ದರು. ಅವರು ಹೋದ ಮೇಲೆ, ನನಗೆ ಮಾತ್ರ ಯಾಕೆ ಸರಿಹೋಗುತ್ತಿಲ್ಲ, ನನ್ನಲ್ಲೇ ಏನೋ ಕೆಟ್ಟಿದೆ ಎಂದು ಹೆದರುತ್ತಿದ್ದೆ. ಬದುಕಿರಬೇಕೆಂಬ ಆಸೆಯೂ ಮೆಲ್ಲಗೆ ಕರಗುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಮೌಶಿ ಹತ್ತಿ ಬಂದು ಒಂದು ಕಾದಂಬರಿ ಕೊಟ್ಟರು. "ಈ ತಿಂಗಳಿಂದು. ನಿನ್ನ ವಾರಿಗಿ ಹುಡುಗೀದ ಕಥಿ. ಬ್ಯಾಡನಿಸಿದ್ರ ಒಗದು ಬಿಡು."

ಅದು ಹದಿಹರೆಯದವರಿಗೆಂದೇ ಬರೆದ ಕಾದಂಬರಿ. ತಾಯಿ ಸತ್ತ ಹುಡುಗಿಯೊಬ್ಬಳು ಎಲ್ಲರೊಡನೆ ಜಗಳವಾಡುತ್ತಾಳೆ, ತಾಯಿಯ ಸೀರೆ ಉಟ್ಟ ಸೋದರತ್ತೆಯನ್ನು ಮನೆಯಿಂದ ಹೊರಗೆ ಹಾಕುತ್ತಾಳೆ. ಕೊನೆಯ ಅಧ್ಯಾಯದಲ್ಲಿ ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಡಿ, ಚಪ್ಪಾಳೆಯ ನಡುವೆ ನಗುತ್ತಾಳೆ. ನಾನು ಒಂದೇ ಉಸಿರಿಗೆ ಓದಿದೆ. ಭಾನುವಾರ ಕೆಳಗಿಳಿದು ಹೋಗಿ ಮೂಲೆಯಲ್ಲಿ ಕೂತೆ.

ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮೊದಲು ಮಾತಾಡಿದರು. "ಹುಡುಗಿ ಭಾಳ ಸೊಕ್ಕಿನಾಕಿರಿ. ಸ್ವಾದರತ್ತಿ ಏನ್ ತಪ್ಪು ಮಾಡಿದ್ದಳು?" ಮಾಧಾಪುರದಿಂದ ಮೆಟ್ರೋದಲ್ಲಿ ಬರುತ್ತಿದ್ದ ಮೈಸೂರಿನ ತರುಣ ಎಂಜಿನಿಯರ್, "ಮಧ್ಯದಲ್ಲಿ ತುಂಬಾ ಅಳು ಸಾರ್, ಆದ್ರೆ ಎಂಡಿಂಗ್ ಚೆನ್ನಾಗಿದೆ, ಮಕ್ಕಳಿಗೆ ಒಂದು ಭರವಸೆ ಕೊಡುತ್ತೆ" ಎಂದ. ಎಲ್ಲರೂ ಹೌದೆಂದರು. ಕೊನೆಯ ಅಧ್ಯಾಯ ಎಲ್ಲರಿಗೂ ಹಿಡಿಸಿತ್ತು.

ಮೌಶಿ ನನ್ನ ಕಡೆ ತಿರುಗಿದರು. "ನೀ ಎಲ್ಲಿ ಎದ್ದು ಹೋದಿ?"

"ಕಡೀಕ" ಎಂದೆ. "ಆಕಿ ನಕ್ಕಳಲ್ಲ, ಅಲ್ಲಿ. ಅದು ಸುಳ್ಳು."

ಬ್ಯಾಂಕಿನವರು ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟರು. "ಹಂಗನಬಾರದು ಬೇಟಾ. ಟೈಮ್ ಬೇಕಾಗತೈತಿ. ಎಲ್ಲಾ ಸರಿ ಆಗತೈತಿ."

"ಆಗಂಗಿಲ್ಲ" ಎಂದರು ಮೌಶಿ.

ಎಲ್ಲರೂ ಅವರತ್ತ ನೋಡಿದರು. ಮೌಶಿ ನನ್ನನ್ನೇ ನೋಡುತ್ತಿದ್ದರು. "ನನ್ನ ಮಗ ಹೋಗಿ ನಾ ಮುದುಕಿ ಆದೆ. ಇವತ್ತಿಗೂ ಸರಿ ಆಗಿಲ್ಲ. ದಿನಾ ಮುಂಜಾನೆ ಎದ್ದ ಕೂಡಲೇ ಅಂವ ಇಲ್ಲ ಅಂತ ಹೊಸದಾಗಿ ತಿಳೀತೈತಿ. ಆಫೀಸಿಗೆ ಹೋದೆ, ಉಂಡೆ, ಇವರ ಜೋಡಿ ನಕ್ಕೆ. ಸರಿ ಆಗಿತ್ತಂತ ಅಲ್ಲ. ನಿನ್ನಾಗ ಏನೂ ಕೆಟ್ಟಿಲ್ಲವ್ವಾ. ಹಿಂಗ ಇರತೈತಿ ಇದು."

ಅವ್ವ ಹೋದಾಗಿನಿಂದ ನನಗೆ ಮೊದಲ ಬಾರಿ ಪೂರ್ತಿ ಉಸಿರು ಬಂತು. ಅದನ್ನು ಬೇರೆ ಹೇಗೆ ಹೇಳಬೇಕೋ ತಿಳಿಯದು.

ಬ್ಯಾಂಕಿನವರಿಗೆ ಸಿಟ್ಟು ಬಂದಿತ್ತು. ಹೊರಡುವಾಗ ಬಾಗಿಲಲ್ಲೇ ಕೇಳಿದರು. "ಸಣ್ಣ ಹುಡುಗಿ ಮುಂದ ಆಡೋ ಮಾತೇನ್ರಿ ಇವು? ನಾಳೆ ಏನರೆ ಮಾಡಿಕೊಂಡಳಂದ್ರ?"

"ಎಲ್ಲಾರೂ ಕೂಡಿ ಆಕೀನ್ನ ಒಬ್ಬಾಕೀನ್ನ ಮಾಡಿ ಬಿಟ್ಟಿದ್ರಿ" ಎಂದು ಮೌಶಿ ಬಾಗಿಲು ಹಾಕಿಕೊಂಡರು.

ಮರುವಾರ ನಾನು ಶಾಲೆಗೆ ಹೋದೆ. ಮುಂದಿನ ಭಾನುವಾರಗಳಲ್ಲಿ ಮೌಶಿಯ ಮನೆಗೆ ಬರುವವರು ಕಡಿಮೆಯಾದರು. ಒಬ್ಬರಿಗೆ ಮಗಳ ಪರೀಕ್ಷೆ, ಇನ್ನೊಬ್ಬರಿಗೆ ಬರ್ಕತ್‌ಪುರ ದೂರ. ಮೈಸೂರಿನವನು ಮೆಸೇಜು ಕಳಿಸುವುದನ್ನೂ ಬಿಟ್ಟ. ಮೌಶಿ ಮೊದಮೊದಲು ಕುರ್ಚಿ ಹಾಕಿ, ಅವಲಕ್ಕಿ ಒಗ್ಗರಣೆ ಮಾಡಿ ಕಾಯುತ್ತಿದ್ದರು. ಸಂಜೆಯಾದ ಮೇಲೆ ನಾವಿಬ್ಬರೇ ತಿನ್ನುತ್ತಿದ್ದೆವು. "ಇರಲಿ ಬಿಡು" ಎನ್ನುತ್ತಿದ್ದರು. "ಸೂಟಿ ದಿನ ಯಾರಿಗೆ ಬೇಕು ಈ ಸಂಕಟ?"

ಆಮೇಲೆ ಓದುವುದೂ ನಿಂತಿತು. ಪುಸ್ತಕ ಮಡಿಲಲ್ಲಿ ಮುಚ್ಚಿಕೊಂಡು ಕೂತಿರುತ್ತಿದ್ದರು. ಯಾಕೆಂದು ಕೇಳಿದಾಗ ಹೇಳಿದರು: "ಇಷ್ಟು ವರ್ಷ ಅಂವನ ಹೆಸರ ಬಾಯಾಗ ತಂದಿರಲಿಲ್ಲ. ಆವತ್ತು ಹೇಳಿಬಿಟ್ಟೆ ನೋಡು, ಅವಾಗಿಂದ ಮನಿ ತುಂಬ ತಿರುಗಾಡಾಕತ್ತಾನ. ಎಲ್ಲಿ ಕುಂತ್ರೂ ಬಿಡವಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ಅವರು ನನಗೆ ಹೇಳಿದ್ದನ್ನೇ ಅವರಿಗೆ ಹೇಳಿದರೆ ಏನು ಬಂತು? ಅದು ಅವರಿಗೆ ಮೊದಲೇ ಗೊತ್ತಿದ್ದದ್ದು.

ನಾನು ಕಾಲೇಜು ಸೇರಿದ ವರ್ಷ ಅವರು ಊಟ ಬಿಟ್ಟರು. ಬಿಟ್ಟರು ಎಂದರೆ ಹಟವಲ್ಲ, ತುತ್ತು ಒಳಗೆ ಹೋಗುತ್ತಿರಲಿಲ್ಲ. ಅಪ್ಪ ಆಸ್ಪತ್ರೆಗೆ ಸೇರಿಸಿದರು. ವೈದ್ಯರಿಗೆ ಹೆಸರಿಟ್ಟು ಕರೆಯುವಂಥ ಕಾಯಿಲೆ ಕಾಣಲಿಲ್ಲ. ಮನೆಗೆ ಕರೆತಂದ ಮೇಲೆ ದಿನಾ ಕಾಲೇಜಿನಿಂದ ಬಂದು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದೆ. ಒಂದು ಮಧ್ಯಾಹ್ನ ಬಂದಾಗ ಮೌಶಿ ಹೋಗಿಬಿಟ್ಟಿದ್ದರು. ಅಪ್ಪ ಹಾಸಿಗೆಯ ಪಕ್ಕದಲ್ಲಿ ನಿಂತಿದ್ದರು.

ಸುದ್ದಿ ತಿಳಿದು ಓದುಗರೆಲ್ಲ ಬಂದರು. ಆ ಪಡಸಾಲೆ ಎಷ್ಟೋ ಕಾಲದ ಮೇಲೆ ತುಂಬಿತ್ತು. ಬ್ಯಾಂಕಿನವರು ಕಣ್ಣೊರೆಸಿಕೊಳ್ಳುತ್ತ, "ಪುಣ್ಯವಂತ್ರು, ನರಳಲಿಲ್ಲ" ಎಂದರು.

"ನರಳ್ಯಾರ್ರಿ" ಎಂದೆ. "ಭಾಳ ವರ್ಷ ನರಳಿದ್ರು."

ಅಪ್ಪ ನನ್ನ ತೋಳು ಹಿಡಿದರು. ಬ್ಯಾಂಕಿನವರು ನನ್ನನ್ನೊಮ್ಮೆ ನೋಡಿ, ತಲೆ ತಗ್ಗಿಸಿ ಕೂತರು. ಆ ಪಡಸಾಲೆಯಲ್ಲಿ ಮೌಶಿಯ ಪರವಾಗಿ ನಾನು ಹೇಳಬಹುದಾಗಿದ್ದ ಮಾತು ಅದೊಂದೇ ಇತ್ತು. ಅದನ್ನು ಕೇಳಲು ಅವರು ಇರಲಿಲ್ಲ.